ಬಾವನ ವಾಚು, ನನ್ನ ಗಾಳಿ

ಬ್ರಹ್ಮಾವರದ ಆ ಫ್ಲ್ಯಾಟಿನ ಗೇಟಿನ ಹತ್ತಿರ ನಾನು ಮೀನಿನ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರೆ ಮೊದಲು ಇಳಿದು ಬರುವವರು ಮೂರನೇ ಮಾಳಿಗೆಯ ಮೇಷ್ಟ್ರು. ರಿಟೈರ್ ಆದವರು, ಪುರುಸೊತ್ತಿನ ಜನ. ಬಂಗುಡೆಯ ಕಿವಿರು ಎತ್ತಿ ನೋಡದೆ ಒಂದು ದಿನವೂ ಕೊಂಡವರಲ್ಲ. ಕಳೆದ ವಾರ ಕಿವಿರಿಗೆ ಕೈ ಹಾಕುವ ಮೊದಲು ಕೈಯ ವಾಚು ಬಿಚ್ಚಿ, "ಸ್ವಲ್ಪ ಹಿಡ್ಕೊಳ್ಳಿ ಸುಮಿತ್ರಾ, ಮೀನಿನ ವಾಸನೆ ಹಿಡಿದರೆ ಮನೆಯಲ್ಲಿ ಬೈತಾರೆ" ಎಂದು ನನ್ನ ಅಂಗೈಯಲ್ಲಿಟ್ಟರು.

ದಪ್ಪನೆಯ ಕಪ್ಪು ರಬ್ಬರ್ ಪಟ್ಟಿಯ ವಾಚು. ನಡೆದದ್ದು, ಓಡಿದ್ದು, ಈಜಿದ್ದು ಎಲ್ಲ ಲೆಕ್ಕ ಇಡುವಂಥದ್ದು. ಬೆವರು ಮತ್ತು ಉಪ್ಪು ಕುಡಿದ ರಬ್ಬರಿಗೆ ಒಂದು ವಾಸನೆ ಇದೆ, ಒಣಗಿದ ಬಲೆಗೂ ಅಲ್ಲ, ಹಳೇ ಚಪ್ಪಲಿಗೂ ಅಲ್ಲ, ಎರಡರ ನಡುವಿನದು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು.

"ಎಂತ, ಬೆಲೆ ಕೇಳುವ ಮೊದಲೇ ಮುಖ ಹಾಗೆ ಮಾಡಿದ್ರಿ?" ಎಂದರು ಮೇಷ್ಟ್ರು.

"ನಿಮ್ಮ ಮೇಲಲ್ಲ ಸರ್. ಈ ವಾಚಿನ ಮೇಲೆ."

ಮೀನು ಮಾರುವವಳಿಗೆ ಇಂಥ ವಾಚಿನ ಮೇಲೆ ಎಂಥ ಸಿಟ್ಟು ಎಂದು ನಿಮಗೂ ಅನಿಸಬಹುದು. ಹೇಳುತ್ತೇನೆ. ನನ್ನ ಬಾಯಿ ಜೋರು ಎಂದು ಕೋಡಿಯಿಂದ ಬ್ರಹ್ಮಾವರದವರೆಗೆ ಎಲ್ಲರೂ ಹೇಳುತ್ತಾರೆ. ಜೋರಿರಲಿ. ಆ ವರ್ಷ ಅದು ಇನ್ನೂ ಸ್ವಲ್ಪ ಜೋರಿದ್ದಿದ್ದರೆ ಚೆನ್ನಾಗಿತ್ತು ಎಂದು ನನಗೇ ಅನಿಸಿದ್ದಿದೆ.

ಕುಂದಾಪುರದ ಮೇಲ್ಸೇತುವೆ ಅರ್ಧಕ್ಕೆ ನಿಂತು, ಪೇಟೆಯೆಲ್ಲ ಧೂಳು ತಿನ್ನುತ್ತಿದ್ದ ವರ್ಷ ಅದು. ಆಗ ನನ್ನ ಬಳಿ ಈ ಗಾಡಿ ಇರಲಿಲ್ಲ, ಸ್ಕೂಟರ್ ಇತ್ತು. ಅಮ್ಮ ಬುಟ್ಟಿ ಹೊತ್ತು ಮಾರುತ್ತಿದ್ದ ಬೀದಿಗಳಲ್ಲೇ ನಾನು ಹಿಂದಿನ ಸೀಟಿಗೆ ಥರ್ಮೋಕೋಲ್ ಪೆಟ್ಟಿಗೆ ಕಟ್ಟಿಕೊಂಡು ಮಾರುತ್ತಿದ್ದೆ. ಬಿ.ಎ. ಓದಿ ಮೀನು ಮಾರುತ್ತಾಳೆ ಎಂದು ಕೆಲವರು ಮರುಗುತ್ತಿದ್ದರು. ಅವರೇ ಅಂಜಲ್ ಮೀನಿನ ತುಂಡು ಚಿಕ್ಕದಾಯಿತು ಎಂದು ಜಗಳಕ್ಕೆ ಬರುತ್ತಿದ್ದರು. ಮಧ್ಯಾಹ್ನದೊಳಗೆ ಪೆಟ್ಟಿಗೆ ಖಾಲಿ. ಮಧ್ಯಾಹ್ನದ ಮೇಲೆ ಕಡಲತಡಿಯ ನಮ್ಮೂರು ಕೋಡಿಯಲ್ಲಿ ಗಾಳಿ.

ಆ ಗಾಳಿಯನ್ನು ನಾವು ಹುಟ್ಟಿದಾಗಿನಿಂದ ಕಂಡವರು. ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ, ಉಂಡು ಕೈ ತೊಳೆಯುವ ಹೊತ್ತಿಗೆ ಬಡಗು ಮತ್ತು ಪಡುವಣದ ನಡುವಿನ ಮೂಲೆಯಿಂದ ಎದ್ದರೆ ಸಂಜೆಯವರೆಗೆ ನಿಲ್ಲುವುದಿಲ್ಲ. ಒಣಗಲು ಹಾಕಿದ ಬಟ್ಟೆ ಪಕ್ಕದ ಮನೆಯ ಅಂಗಳ ಸೇರುತ್ತದೆ, ಒಣಮೀನಿನ ಚಾಪೆಗೆ ಕಲ್ಲು ಇಡಬೇಕು. ಅದು ನಮಗೆ ಪಿರಿಪಿರಿಯ ಗಾಳಿ ಅಷ್ಟೇ. ಅದರಿಂದ ಆಟ ಆಡಬಹುದು ಎಂದು ಊರಿಗೆ ತೋರಿಸಿದವನು ಗಣೇಶ ಬಾವ.

ಗಣೇಶ ನನ್ನ ಸೋದರಮಾವನ ಮಗ. ಮಸ್ಕತ್ತಿನಲ್ಲಿ ಸಮುದ್ರದ ಬದಿಯಲ್ಲಿ ಪ್ರವಾಸಿಗರನ್ನು ಆಡಿಸುವ ಒಂದು ಕಂಪೆನಿಯಲ್ಲಿ ಜೀಪು ಓಡಿಸಿಕೊಂಡಿದ್ದ. ಅಲ್ಲಿ ಬಿಳಿಯರ ಆಟ ನೋಡಿ ನೋಡಿ ಕಲಿತು, ಊರಿಗೆ ಬರುವಾಗ ಎರಡು ಹಳೇ ಗಾಳಿಪಟ, ಒಂದು ಹಲಗೆ ತಂದ. ಗಾಳಿಪಟ ಎಂದರೆ ಮಕ್ಕಳು ಹಾರಿಸುವಂಥದ್ದಲ್ಲ. ಒಂದು ಕೋಣೆಯ ಮಾಡಿನಷ್ಟು ಅಗಲ, ಅಂಚಿಗೆ ಗಾಳಿ ತುಂಬುವ ಕೊಳವೆ, ಉದ್ದುದ್ದ ಹಗ್ಗಗಳು. ಹಗ್ಗದ ತುದಿಯ ಹಿಡಿಕೋಲು ಕೈಯಲ್ಲಿ, ಎಳೆತವೆಲ್ಲ ಸೊಂಟದ ಪಟ್ಟಿಯ ಮೇಲೆ, ಕಾಲು ಹಲಗೆಯ ಮೇಲೆ. ಪಟ ಎಳೆಯುತ್ತದೆ, ಹಲಗೆ ನೀರು ಸೀಳುತ್ತದೆ. ಮೊದಲ ದಿನ ಇಡೀ ಕೋಡಿ ನೋಡಲು ಸೇರಿತ್ತು. ಒಣಮೀನು ಹರಡುವ ಜಲಜಕ್ಕ ಮಾತ್ರ, "ಇವ್ನ್ ಅಬ್ಬಿ ಕಂಡ್ರೆ ಎದಿ ಒಡ್ಕಂಡ್ ಸಾಯ್ತ್ಳ್" ಎಂದು ತನ್ನ ಕೆಲಸಕ್ಕೆ ಹೋದರು.

ನಾನು ಮೊದಮೊದಲು ಪಟ ಎತ್ತಿ ಕೊಡುವವಳು. ಒಬ್ಬರು ದೂರದಲ್ಲಿ ಪಟ ಹಿಡಿದು ನಿಂತು, ಗಾಳಿ ತುಂಬಿದಾಗ ಬಿಡಬೇಕು. ಆಮೇಲೆ ಒಂದು ದಿನ ಬಾವ ಹರಿದ ಪಟವೊಂದನ್ನು ತಂದ. ಮರವಂತೆಯಲ್ಲಿ ಯಾರೋ ಪ್ರವಾಸಿಗರು ಬಂಡೆಗೆ ಹೊಡೆಸಿ ಬಿಟ್ಟುಹೋದದ್ದು. ಶೆಡ್ಡಿನ ಮೇಲೆ ಟಾರ್ಪಾಲಿನ ಬದಲು ಹೊದಿಸಲು ಆಗುತ್ತದೆ ಎಂದು ತಂದಿದ್ದ. ನಾನು ಅದನ್ನು ಮನೆಗೆ ಒಯ್ದು, ಹಳೇ ಕೊಡೆಗಳ ಬಟ್ಟೆ ಕತ್ತರಿಸಿ, ನೈಲಾನ್ ದಾರದಲ್ಲಿ ತೇಪೆ ಹಾಕಿದೆ. ಕೊಳವೆಗೆ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದೆ. ಒಂದು ರೆಕ್ಕೆ ಕೆಂಪು, ಇನ್ನೊಂದರಲ್ಲಿ ಕೊಡೆಯ ಕಪ್ಪು. ನೋಡಲು ಚಂದ ಇರಲಿಲ್ಲ. ಆದರೆ ಗಾಳಿ ಹಿಡಿಯಿತು.

ಒಂದು ಹಳೇ ಉದ್ದ ತೋಳಿನ ಶರ್ಟು, ಕೆಳಗೆ ಲೆಗ್ಗಿಂಗ್ಸ್ ಹಾಕಿಕೊಂಡು ನೀರಿಗಿಳಿದೆ. ಎಷ್ಟು ಉಪ್ಪುನೀರು ಕುಡಿದೆನೋ ಗೊತ್ತಿಲ್ಲ. ಮೊಣಕಾಲು ಸುಲಿಯಿತು. ಹೆಣ್ಣುಮಕ್ಕಳು ದೋಣಿ ಹತ್ತುವುದಿಲ್ಲ ನಮ್ಮಲ್ಲಿ, ಮೀನು ಬಂದ ಮೇಲೆ ನಮ್ಮ ಕೆಲಸ. ಹಾಗಿರುವಾಗ ನಾನು ಹೊಳೆ ಕಡಲು ಸೇರುವ ಅಳಿವೆಯ ಮಧ್ಯೆ, ಆಚೆ ದಡದ ಗಂಗೊಳ್ಳಿಯ ಕಡೆಗೆ ನಿಂತುಕೊಂಡು ಹೋದದ್ದನ್ನು ಕಂಡು ಕಲ್ಲಿನ ದಂಡೆಯ ಮೇಲೆ ಬಲೆ ಕಟ್ಟುತ್ತಿದ್ದವರು ಕೂಗಿ ಹೇಳಿದ್ದು ಇಷ್ಟೇ: "ಹ್ವಾಯ್, ಹೆಣ್ಣ್ ಹಾರಿ ಗಂಗೊಳ್ಳಿಗ್ ಹೋತ್ ಕಾಣಿ." ನನಗೆ ಜೀವನದಲ್ಲಿ ಯಾರೂ ಅಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ಏಪ್ರಿಲ್ ಹೊತ್ತಿಗೆ ನಾನು ಬಾವನಿಗಿಂತ ವೇಗವಾಗಿ ಹೋಗುತ್ತಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಾನು ಹಗುರ, ಅವನು ಭಾರ. ಜೊತೆಗೆ ಅವನು ನೋಡುವವರಿಗಾಗಿ ಜಿಗಿಯುತ್ತಿದ್ದ, ನನಗೆ ಹೋಗುವುದೇ ಬೇಕಿತ್ತು.

ಆ ಹೊತ್ತಿಗೆ ಬಂತು ವಾಚು. ಬಾವ ದುಬಾಯಿಯ ಸ್ನೇಹಿತನಿಂದ ತರಿಸಿಕೊಂಡದ್ದು. ನೀರಿಗಿಳಿಯುವ ಮೊದಲು ಗುಂಡಿ ಒತ್ತಿ, ಆಕಾಶದ ಉಪಗ್ರಹ ಸಿಗುವವರೆಗೆ ಕಾಯಬೇಕು. ಮೇಲೆ ಬಂದು ಮತ್ತೆ ಒತ್ತಿದರೆ ಎಷ್ಟು ದೂರ, ಎಷ್ಟು ವೇಗ ಎಲ್ಲ ಹೇಳುತ್ತದೆ. ಮೊಬೈಲಿನ ಆ್ಯಪಿನಲ್ಲಿ ನೋಡಿದರೆ ನಕಾಶೆಯ ಮೇಲೆ ನಾವು ಹೋದ ದಾರಿಯೇ ಗೆರೆಯಾಗಿರುತ್ತದೆ, ಜೋರು ಹೋದಲ್ಲಿ ಕೆಂಪು. ಒಂದೊಂದು ಜಾಗಕ್ಕೂ ಯಾರು ಎಲ್ಲರಿಗಿಂತ ವೇಗ ಎಂದು ಹೆಸರು ಬೇರೆ. ಕೋಡಿಯ ಅಳಿವೆಗೆ ಬಾವನ ಹೆಸರೊಂದೇ ಇತ್ತು, ಬೇರೆ ಯಾರ ಬಳಿಯೂ ವಾಚಿರಲಿಲ್ಲವಲ್ಲ.

ಒಂದು ದಿನ ಅವನು ಮೇಲೆ ಬಂದು ನಿಲ್ಲಿಸುವ ಗುಂಡಿ ಒತ್ತಲು ಮರೆತು ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಬೈಂದೂರಿಗೆ ಹೋದ. ನಮ್ಮ ಹೆದ್ದಾರಿಯ ಖಾಸಗಿ ಬಸ್ಸು ಹೇಗೆ ಹೋಗುತ್ತದೆ ನಿಮಗೆ ಗೊತ್ತು. ಆ್ಯಪಿನಲ್ಲಿ ಬಾವ ಪ್ರಪಂಚದ ದೊಡ್ಡ ದೊಡ್ಡ ಆಟಗಾರರನ್ನೆಲ್ಲ ಹಿಂದೆ ಹಾಕಿದ್ದ. ನಾವು ನಕ್ಕು ನಕ್ಕು ಸತ್ತೆವು. ಆಮೇಲೆ ಅವನೇ ಅದನ್ನು ಅಳಿಸಿದ. ಈ ಬಸ್ಸಿನ ಕಥೆ ನೆನಪಿನಲ್ಲಿಡಿ, ಮುಂದೆ ನನ್ನ ತಲೆಯ ಮೇಲೆಯೇ ಬರುತ್ತದೆ.

ಅದೇ ತಿಂಗಳು ಇನ್ನೊಂದು ಸುದ್ದಿ ಬಂತು. ಹೊರಗಿನ ಒಂದು ಸಂಸ್ಥೆಯವರು ಕೋಡಿಯಲ್ಲಿ ಈ ಆಟ ಕಲಿಸುವ ಶಾಲೆ ತೆರೆಯುತ್ತಾರಂತೆ. ಊರಿನ ಒಬ್ಬರನ್ನು ಆರಿಸಿ, ತರಬೇತಿ ಕೊಡಿಸಿ, ಕಲಿಸುವ ಲೈಸೆನ್ಸು ಮಾಡಿಸಿ ಕೆಲಸ ಕೊಡುತ್ತಾರಂತೆ. ಒಬ್ಬರನ್ನು ಮಾತ್ರ. ಮೇ ತಿಂಗಳಲ್ಲಿ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಆ್ಯಪಿನಲ್ಲಿ ದಾಖಲಾದದ್ದನ್ನೂ ಗಮನಿಸುತ್ತಾರೆ.

ಆ ಕೆಲಸ ನನಗೆ ಬೇಕಿತ್ತು. ಮೀನು ಮಾರುವುದು ನನಗೆ ನಾಚಿಕೆಯ ಕೆಲಸವಲ್ಲ, ಆಗಲೂ ಅಲ್ಲ, ಈಗಲೂ ಅಲ್ಲ. ಆದರೆ ಬೆಳಗಾಗೆದ್ದು ಯಾರದೋ ಗೇಟಿನ ಮುಂದೆ ನಿಂತು "ತಾಜಾ ಉಂಟಾ?" ಎನ್ನುವ ಪ್ರಶ್ನೆಗೆ ಆಣೆ ಹಾಕುವುದಕ್ಕೂ, ನೀರಿಗೆ ಹೆದರುವ ಒಂದು ಹೆಣ್ಣುಮಗುವಿನ ಸೊಂಟಕ್ಕೆ ಪಟ್ಟಿ ಕಟ್ಟಿ "ಹೋಗು, ನಾನಿದ್ದೇನೆ" ಎನ್ನುವುದಕ್ಕೂ ವ್ಯತ್ಯಾಸ ಇದೆ. ನನಗೆ ಎರಡನೆಯದು ಬೇಕಿತ್ತು. ಇದನ್ನು ನಾನು ಬಾವನಿಗೆ ಬಾಯಿಬಿಟ್ಟು ಹೇಳಿದ್ದೆ. "ಕಾಂಬ, ಇಬ್ರಗೆ ಯಾರಿಗ್ ಸಿಕ್ರೂ ಮನಿಗೇ ಅಲ್ದಾ" ಎಂದು ಅವನು ನಕ್ಕಿದ್ದ. ಆ ನಗೆಯ ಅರ್ಥ ನನಗೆ ಆಮೇಲೆ ಆಯಿತು.

ಏಪ್ರಿಲ್ ಕೊನೆಯಲ್ಲಿ ಬೈಂದೂರಿನಲ್ಲಿ ನಮ್ಮ ಕಡೆಯ ಒಂದು ಮದುವೆ. ಅಮ್ಮ ಹೊರಟರು, ಮಾವ ಹೊರಟರು, ಬಾವ ಹೊರಟ. ನಾನು ಮೀನಿನ ಗಿರಾಕಿ ಬಿಡಲಾಗದೆ ಉಳಿದೆ. ಬೆಳಿಗ್ಗೆ ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಬಾವ ನಮ್ಮ ಜಗುಲಿಗೆ ಬಂದು ವಾಚು ಬಿಚ್ಚಿದ. ದಿನವೂ ಕಟ್ಟಿ ಕಟ್ಟಿ ಕೈಯಲ್ಲಿ ಬಿಳಿ ಬಳೆಯ ಹಾಗೆ ಗುರುತು ಬಿದ್ದಿತ್ತು.

"ಹೆಣೇ, ಮದಿ ಮನಿಂದ ನಾ ಬಪ್ಪತಿಗೆ ಗಾಳಿ ನಿಂತ್ ಹೋತ್. ನೀ ಇದನ್ನ ಕಟ್ಕಂಡ್ ಒಂದ್ ಸುತ್ತ್ ಹೊಡಿ. ದಿನ ತಪ್ಪಿರೆ ಆ್ಯಪಗೆ ಮತ್ತ್ ಮೊದ್ಲಿಂದ ಲೆಕ್ಕ."

ದಿನ ತಪ್ಪದೆ ನೀರಿಗಿಳಿದರೆ ಆ್ಯಪು ಮೆಚ್ಚುತ್ತದೆ, ಆರಿಸುವವರೂ ನೋಡುತ್ತಿರುತ್ತಾರೆ. ಅವನ ಹೆಸರಿನ ಮುಂದೆ ಒಂದು ದಿನ ಖಾಲಿ ಬೀಳಬಾರದು. ಅದಕ್ಕೆ ನಾನು. ಆಯಿತು ಎಂದೆ. ಮನೆಯವನ ಉಪಕಾರಕ್ಕೆ ಯಾರಾದರೂ ಇಲ್ಲ ಎನ್ನುತ್ತಾರೆಯೇ?

ಪಟ್ಟಿ ನನ್ನ ಕೈಗೆ ದೊಡ್ಡದು, ಬಳೆಯಂತೆ ತಿರುಗುತ್ತಿತ್ತು. ಬಲೆಯ ದಾರದಲ್ಲಿ ಮೇಲ್ತೋಳಿಗೆ ಬಿಗಿದು ಕಟ್ಟಿದೆ. ಪಟ ಎತ್ತಿ ಕೊಡಲು ಗಂಡಸರು ಯಾರೂ ಇರಲಿಲ್ಲ, ಎಲ್ಲ ಮದುವೆಯಲ್ಲಿ. ಜಲಜಕ್ಕ ಬೈದುಕೊಂಡೇ ಬಂದು ಎತ್ತಿದರು. "ಬಿಡ್ಕಾ?" "ಬಿಡಿ." ಬಿಟ್ಟರು.

ಆ ಗಾಳಿಯನ್ನು ನಾನು ಹೇಗೆ ಹೇಳಲಿ. ದಿನದ ಗಾಳಿಯೇ, ಆದರೆ ಅವತ್ತು ಎಲ್ಲೂ ತುಂಡಾಗಲಿಲ್ಲ. ಅಳಿವೆಯ ಒಳಗೆ ನೀರು ಸಪಾಟು, ಏರುನೀರು ತುಂಬಿ ನಿಂತಿತ್ತು. ಪಟ ತಗ್ಗಿಸಿ ಗಾಳಿಗೆ ಓರೆಯಾಗಿ ಬಿಟ್ಟೆ. ಹಲಗೆಯ ಕೆಳಗಿನ ಸದ್ದು ಮೊದಲು ಜೋರಾಯಿತು, ಆಮೇಲೆ ಸಣ್ಣದಾಯಿತು, ಆಮೇಲೆ ಕೇಳಲೇ ಇಲ್ಲ. ತೊಡೆ ನಡುಗುತ್ತಿತ್ತು. ಕಣ್ಣಿಗೆ ನೀರು ಹೊಡೆದು ಗಂಗೊಳ್ಳಿಯ ದೋಣಿಗಳು ಬರೇ ಬಣ್ಣವಾಗಿ ಕಂಡವು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ದಂಡೆಗೆ ಬಂದು ಹೊಯ್ಗೆಯ ಮೇಲೆ ಕೂತಾಗ ಸುಮ್ಮನೆ ನಗು ಬಂತು. ಜಲಜಕ್ಕ, "ಎಂತ ಆಯ್ತ್ ನಿಂಗ್?" ಎಂದು ಗಾಬರಿಯಾದರು. ತೋಳಿನ ವಾಚು ನೋಡಿದೆ. ಗಂಟೆಗೆ ಐವತ್ತು ಕಿಲೋಮೀಟರ್ ದಾಟಿತ್ತು. ಬಾವನ ಅದುವರೆಗಿನ ಅತಿ ವೇಗಕ್ಕಿಂತ ಬಹಳ ಮೇಲೆ. ಅಲ್ಲೇ ಗುಂಡಿ ಒತ್ತಿ ನಿಲ್ಲಿಸಿದೆ, ಜಲಜಕ್ಕನ ಮುಂದೆಯೇ.

ಸಂಜೆ ಬಾವ ಬಂದು ವಾಚು ತೆಗೆದುಕೊಂಡು ಹೋದ. ಮರುದಿನ ಊರಿಗೆಲ್ಲ ಮೊಬೈಲಿನಲ್ಲಿ ಚಿತ್ರ ಬಂತು. ಅಳಿವೆಯ ಮೇಲೆ ನನ್ನ ಗೆರೆ, ಕಡುಕೆಂಪು. ಮೇಲೆ ಅವನ ಹೆಸರು, ಅವನ ಫೋಟೋ. ಕೆಳಗೆ ಅಭಿನಂದನೆಗಳ ಸಾಲು. ಮದುವೆಯಲ್ಲಿ ಅವನ ಜೊತೆಗೆ ಪಂಕ್ತಿಯಲ್ಲಿ ಕೂತು ಉಂಡವರೂ ಕೈಮುಗಿಯುವ ಗುರುತು ಹಾಕಿದ್ದರು. ಅವನು ಎಲ್ಲರಿಗೂ ಧನ್ಯವಾದ ಹೇಳಿದ್ದ.

ನಾನು ಅವನ ಶೆಡ್ಡಿಗೆ ಹೋದೆ. "ಬಾವ, ಇದ್ ನಂದ್ ಅಂದೇಳಿ ಒಂದ್ ಸಾಲ್ ಬರಿ."

"ವಾಚ್ ನಂದಲ್ದಾ ಮಾರಾಯ್ತಿ? ಅದ್ರಗೆ ನನ್ ಹೆಸ್ರೇ ಬಪ್ಪುದ್. ನಾನೆಂತ ಮಾಡುದ್?"

"ದೋಣಿ ಯಾರ್ದೇ ಇರ್ಲಿ. ದೋಣಿಗೊಂದ್ ಪಾಲ್, ಬಲಿಗೊಂದ್ ಪಾಲ್, ಎಳ್ದವ್ರಿಗೂ ಪಾಲ್ ಇತ್ತಲೆ? ಇಲ್ಲ್ ಪಟ ನಂದ್, ಕಾಲ್ ನಂದ್. ನಿಂದ್ ವಾಚೊಂದೇ. ಇಡೀ ಮೀನ್ ನಿಂಗೆ ಹ್ಯಾಂಗ್?"

ಅವನು ನಕ್ಕು ಪಟದ ಹಗ್ಗ ಸುತ್ತತೊಡಗಿದ. ಅವನು ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಕಳ್ಳನಿಗೆ ಕದ್ದದ್ದು ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ.

ಮಾವನ ಹತ್ತಿರ ಹೇಳಿದೆ. ನಮ್ಮಲ್ಲಿ ಮಾವನ ಮಾತೆಂದರೆ ಮನೆಯ ಕೊನೆಯ ಮಾತು. ಅವರು ವೀಳ್ಯ ಮಡಚುತ್ತಾ ಹೇಳಿದರು: "ನಾಳೆ ಮದಿ ಆದ್ ಮೇಲೆ ಅವ್ನ್ ಹೆಸ್ರೇ ನಿನ್ ಹೆಸ್ರ್. ಯಾರ್ ಹೆಸ್ರಗೆ ಇದ್ರೆ ಎಂತ? ಹೋಯ್ಲಿ ಬಿಡ್."

ಆಗ ತಿಳಿಯಿತು ಬಾವನ ನಗೆಯ ಅರ್ಥ. ಸೋದರಮಾವನ ಮಗನಿಗೆ ಅತ್ತೆಯ ಮಗಳು ಎನ್ನುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವ ವಿಷಯವೇ ಅಲ್ಲ. ಎಲ್ಲರ ತಲೆಯಲ್ಲಿ ಅದು ಆಗಿಹೋಗಿತ್ತು. ಹಾಗಾಗಿ ನನ್ನದೆಲ್ಲ ಮುಂಗಡವಾಗಿ ಅವನದಾಗಿತ್ತು. ನನ್ನ ಗಾಳಿಯೂ.

ಅಮ್ಮನ ಕಡೆ ತಿರುಗಿದೆ. ಅಮ್ಮ ಅವತ್ತು ಮದುವೆಯಲ್ಲಿ ಬಾವನ ಪಕ್ಕದ ಎಲೆಯಲ್ಲೇ ಕೂತು ಉಂಡವರು. ಅವನು ಕೋಡಿಯಲ್ಲಿ ಇರಲಿಲ್ಲ ಎಂದು ಅವರಷ್ಟು ಖಚಿತವಾಗಿ ಹೇಳಬಲ್ಲವರು ಬೇರೆ ಇಲ್ಲ. "ಹೇಳಬ್ಬೀ" ಎಂದೆ. ಪೇಟೆಯಲ್ಲಿ ಪೊಲೀಸರ ಹತ್ತಿರವೂ ವಾದ ಮಾಡುವ ನನ್ನ ಅಮ್ಮ ಬುಟ್ಟಿಯ ಹಗ್ಗ ಬಿಗಿಯುತ್ತಾ, "ಹೋಯ್ಲಿ ಬಿಡ್ ಮಗಾ" ಎಂದರು.

ಹೋಗಲಿ ಬಿಡು, ಹೋಗಲಿ ಬಿಡು. ನಮ್ಮ ಊರಿನಲ್ಲಿ ಈ ಮಾತನ್ನು ಗಂಡಸರಿಗೆ ಯಾರಾದರೂ ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ.

ಮೇ ತಿಂಗಳಲ್ಲಿ ಶಾಲೆಯವರು ಬಂದರು. ಒಬ್ಬರೇ, ಕಪ್ಪು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡವರು. ಮಾತು ನಯ. ಬಾವನ ಶೆಡ್ಡಿನಲ್ಲಿ ಬೊಂಡದ ಎಳನೀರು ಕುಡಿದು, ಮೊಬೈಲಿನಲ್ಲಿ ಆ ಕೆಂಪು ಗೆರೆ ತೆಗೆದು, "ಇದೊಂದು ಸಾಕು ಗಣೇಶ್. ಈ ಕರಾವಳಿಯಲ್ಲಿ ಇಂಥ ಓಟ ನಾನು ನೋಡಿಲ್ಲ" ಎಂದರು. ಮಾವ ಇದ್ದರು, ಅಮ್ಮ ಇದ್ದರು, ಬಾಗಿಲಲ್ಲಿ ಜಲಜಕ್ಕ ಇದ್ದರು. ಬಾವ ತಲೆ ತಗ್ಗಿಸಿ, ಹೊಗಳಿದಾಗ ಒಳ್ಳೆಯವರು ಮಾಡುವ ಹಾಗೆ ಮುಖ ಮಾಡಿಕೊಂಡು ನಿಂತಿದ್ದ.

ನಾನು ಮುಂದೆ ಬಂದು ಹೇಳಿದೆ. "ಅದು ನಾನು ಸರ್. ಅವತ್ತು ಬಾವ ಬೈಂದೂರಿನಲ್ಲಿ ಮದುವೆಯಲ್ಲಿದ್ದ. ವಾಚು ಅವನದು, ಕಟ್ಟಿಕೊಂಡು ಹೋದವಳು ನಾನು."

"ಪಟ ಎತ್ತಿ ಕೊಟ್ಟದ್ದ್ ನಾನ್" ಎಂದರು ಜಲಜಕ್ಕ. ಯಾರೋ ಕಿಸಕ್ಕನೆ ನಕ್ಕರು.

ಕನ್ನಡಕದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಗೋಡೆಗೆ ಒರಗಿಸಿದ್ದ ನನ್ನ ತೇಪೆಯ ಪಟವನ್ನು. "ಇದರಲ್ಲಾ?" ಎಂದರು. ಮೊಬೈಲ್ ಮತ್ತೆ ತೆಗೆದು ಗೆರೆಯನ್ನು ದೊಡ್ಡದು ಮಾಡಿ ನೋಡಿದರು. ಅಲ್ಲಿಯವರೆಗೆ ಒಮ್ಮೆಯೂ ದೊಡ್ಡದು ಮಾಡಿ ನೋಡಿರಲಿಲ್ಲ.

"ಇಂಥ ವಾಚು ಕೆಲವೊಮ್ಮೆ ತಪ್ಪು ತೋರಿಸುತ್ತೆ" ಎಂದರು. "ನಿಲ್ಲಿಸೋಕೆ ಮರೆತು ಗಾಡಿ ಓಡಿಸಿದ್ರೆ ಹೀಗೆ ಬರುತ್ತೆ. ನಿಮ್ಮ ಹತ್ರ ಸ್ಕೂಟರ್ ಇದೆಯಲ್ವಾ?"

ಬಾವನ ಬಸ್ಸಿನ ಕಥೆ ಅವರಿಗೆ ಯಾರು ಹೇಳಿದ್ದರೋ. ನಾನು ಕೇಳಿದೆ: "ಗೆರೆ ನೋಡಿ ಸರ್. ಕೋಡಿಗೂ ಗಂಗೊಳ್ಳಿಗೂ ಮಧ್ಯ ಹೊಳೆಯ ಮೇಲಿದೆ. ನನ್ನ ಸ್ಕೂಟರ್ ನೀರಿನ ಮೇಲೆ ಓಡುವುದಾದರೆ ನಾನು ಮೀನು ತರಲು ಗಂಗೊಳ್ಳಿ ಬಂದರಿಗೆ ಅಷ್ಟು ಸುತ್ತುವುದು ಯಾಕೆ?"

"ಹಾಗಾದ್ರೆ ಇಳಿತದ ನೀರು ತಳ್ಳಿರುತ್ತೆ."

"ಅವತ್ತು ಆ ಹೊತ್ತಿಗೆ ಏರುನೀರು."

"ಉಪಗ್ರಹ ಕೂಡ ಒಮ್ಮೊಮ್ಮೆ ಜಿಗಿಯುತ್ತೆ ಅಮ್ಮಾ. ನಿಮಗೆ ಗೊತ್ತಾಗಲ್ಲ."

"ಬಾವನ ಹೆಸರಿನಲ್ಲಿದ್ದಾಗ ಉಪಗ್ರಹ ಸುಮ್ಮನೆ ಕೂತಿತ್ತಾ ಸರ್?"

ಇದೇ. ಇದನ್ನೇ ನಾನು ಇಷ್ಟು ವರ್ಷ ನುಂಗಲಾಗದೆ ಇಟ್ಟುಕೊಂಡಿರುವುದು. ಬಾವ ಕದ್ದದ್ದನ್ನಾದರೂ ಕ್ಷಮಿಸಿಯೇನು. ಆದರೆ ಬೊಂಡ ಕುಡಿಯುವಾಗ ಸತ್ಯವಾಗಿದ್ದ ವಾಚು, ನಾನು ಬಾಯಿ ತೆರೆದ ಮೇಲೆ ಸುಳ್ಳಾಯಿತು. ಅದೇ ಗೆರೆ, ಅದೇ ಕೆಂಪು, ಅದೇ ಅಂಕೆ. ಗಂಡಸಿನ ಕೈಯಲ್ಲಿ ದಾಖಲೆ, ನನ್ನ ಕೈಯಲ್ಲಿ ಯಂತ್ರದ ದೋಷ. ಅವನಿಗೆ ಯಾರೂ ಸಾಕ್ಷಿ ಕೇಳಲಿಲ್ಲ. ನಾನು ಸಾಕ್ಷಿಯನ್ನು ಬಾಗಿಲಲ್ಲಿ ನಿಲ್ಲಿಸಿದರೆ ನಕ್ಕರು.

"ಬೇಕಾದ್ರೆ ಈಗ ಒಂದ್ಸಲ ಮಾಡಿ ತೋರಿಸಿ" ಎಂದರು ಕನ್ನಡಕದವರು.

ಹೊರಗೆ ಗಾಳಿ ಇತ್ತು. ಕಾಲು ತುಡಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಕೇಳಿದೆ, "ಬಾವನಿಗೆ ಮಾಡಿ ತೋರಿಸಲು ಹೇಳಿದ್ರಾ?"

"ಅವರದು ಬೇಡ, ಅವರ ಇಡೀ ಸೀಸನ್ ನೋಡಿದೀನಿ."

"ಹಾಗಾದರೆ ನನ್ನದೂ ಬೇಡ. ಇವನ ಬಾಯಿಯಿಂದ ಒಂದು ಮಾತು ಬರಲಿ, ಅವತ್ತು ನೀರಿನ ಮೇಲಿದ್ದದ್ದು ಇವಳು ಅಂತ. ಆಮೇಲೆ ಬೇಕಾದರೆ ನಾನು ದಿನಾ ಮಾಡಿ ತೋರಿಸುತ್ತೇನೆ."

ಎಲ್ಲರೂ ಬಾವನನ್ನು ನೋಡಿದರು. ಅವನು ವಾಚು ನೋಡಿಕೊಂಡ, ಅದರಲ್ಲಿ ಉತ್ತರ ಬರುತ್ತದೆ ಎನ್ನುವ ಹಾಗೆ. ನಾನು ಅಮ್ಮನನ್ನು ನೋಡಿದೆ. ಅಮ್ಮ ಬೊಂಡದ ಚಿಪ್ಪುಗಳನ್ನು ಒಟ್ಟು ಮಾಡುತ್ತಿದ್ದರು. ಮಾವ ಎದ್ದು, "ಮನಿ ಒಳಗಿನ ಮಾತ್ ಹೊರಗಿನವ್ರ್ ಮುಂದೆ ಎಂತಕೆ?" ಎಂದು ಮುಗಿಸಿದರು. ಕನ್ನಡಕದವರು ಬಹಳ ನ್ಯಾಯವಂತರ ಹಾಗೆ, ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉಳಿದದ್ದನ್ನು ನೋಡಿ ಆರಿಸುತ್ತೇನೆ ಎಂದರು. ಉಳಿದ ದಿನಗಳೆಲ್ಲ ಬಾವನವು. ನನ್ನದು ಎಂದು ದಾಖಲೆ ಇದ್ದದ್ದೇ ಆ ಒಂದು ದಿನ, ಅದೂ ಅವನ ಹೆಸರಿನಲ್ಲಿ. ಕೆಲಸ ಬಾವನಿಗೆ ಹೋಯಿತು.

ಮಾಡಿ ತೋರಿಸಬಾರದಿತ್ತಾ, ಹಟ ಯಾಕೆ ಮಾಡಿದೆ ಎಂದು ಇವತ್ತಿಗೂ ಕೇಳುವವರಿದ್ದಾರೆ. ನಾನು ಸರಿಯಾಗಿಯೇ ಮಾಡಿದೆ. ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡಿ ತೋರಿಸಿದ್ದರೆ ಮೂರನೆಯ ಸಲಕ್ಕೆ ಬೇರೆ ನೆಪ ಸಿಗುತ್ತಿತ್ತು.

ಮಳೆ ಹಿಡಿಯಿತು. ದೋಣಿಗಳು ದಡ ಹತ್ತಿದವು, ಅಳಿವೆ ಕೆಂಪಾಗಿ ಬೊಬ್ಬಿಡತೊಡಗಿತು. ನಾನು ತೇಪೆಯ ಪಟವನ್ನು ಮಡಚಿ ಅಟ್ಟಕ್ಕೆ ಹಾಕಿದೆ. ಬಾವ ತರಬೇತಿಗೆ ಹೋಗಿ ಬಂದ. ಬಂದವನ ಮುಖದಲ್ಲಿ ಒಂದು ಹೊಸ ಕಪ್ಪು ಕನ್ನಡಕ ಇತ್ತು, ಅದೂ ಹಣೆಯ ಮೇಲೆ.

ಮದುವೆಯ ಮಾತೆತ್ತದ ಆಸಾಡಿ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಾವ ಅತ್ತೆಯನ್ನು ಕರೆದುಕೊಂಡು, ಹೂವು, ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದರು. ಬಾವನೂ ಹಿಂದೆ ಬಂದು ಜಗುಲಿಯ ಕಂಬಕ್ಕೆ ಒರಗಿ ನಿಂತ. ಒಳಗೆ ಇದ್ದ ನನಗೆ ಎಲ್ಲ ಕೇಳುತ್ತಿತ್ತು. ಕೇಳುವುದಕ್ಕೆ ಬಂದವರಲ್ಲ ಅವರು, ದಿನ ಗೊತ್ತು ಮಾಡಲು ಬಂದವರು. ನಾನು ಹೊರಗೆ ಬಂದು "ನಾನು ಒಲ್ಲೆ" ಎಂದೆ. ಮಾವ ನನ್ನ ಕಡೆ ತಿರುಗಲೂ ಇಲ್ಲ. "ಹೆಣ್ಣ್ ಮಕ್ಳ್ ಹಾಂಗೇ ಹೇಳ್ತ್. ನೀ ಎಂತ ಹೇಳ್ತೆ ತಂಗಿ?" ಎಂದು ಅಮ್ಮನನ್ನು ಕೇಳಿದರು.

ಅಮ್ಮ ನನ್ನ ಮುಖ ನೋಡಿದರು. ಆಮೇಲೆ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ನೋಡಿದರು. ಅವಸರವಿಲ್ಲದೆ, ಗಿರಾಕಿಗೆ ಬೆಲೆ ಹೇಳುವ ಸ್ವರದಲ್ಲೇ ಹೇಳಿದರು.

"ಅಣ್ಣ, ಒಂದ್ ಕೇಣ್ತೆ. ಆವತ್ತ್ ಕೋಡಿಯಗೆ ಪಟ ಹಾರ್ಸದ್ದ್ ನಿನ್ ಮಗ ಅಂದ್ರೆ, ಬೈಂದೂರಗೆ ನನ್ ಬದಿಯಗೆ ಕೂಕಂಡ್ ಎರಡ್ ಸಲ ಪಾಯ್ಸ ಹಾಕ್ಸ್ಕಂಡ್ ಉಂಡದ್ದ್ ಯಾರ್? ಅವ್ನನ್ನ ಹುಡ್ಕಿ ಕರ್ಕಂಡ್ ಬಾ. ಅವ್ನಿಗಾರೆ ಮಗಳನ್ನ ಕೊಡುಕೆ ನಂಗ್ ಅಡ್ಡಿ ಇಲ್ಲೆ. ಇವ್ನಿಗೆ ಕೊಡುದಿಲ್ಲೆ."

ಮಾವ ತಟ್ಟೆ ಎತ್ತಿಕೊಂಡು ಎದ್ದರು. ಬಾವ ಕಂಬ ಬಿಟ್ಟು ಅಂಗಳಕ್ಕಿಳಿದ. ಹೂವು, ಹಣ್ಣು ವಾಪಸ್ಸು ಹೋದವು. ಆ ದಿನದಿಂದ ಎರಡು ಮನೆಯ ನಡುವೆ ಹೋಗಿಬರುವುದು ಬಹಳ ಕಾಲ ನಿಂತಿತು.

ನನಗೆ ಕುಣಿಯಬೇಕು ಅನಿಸಿತು, ಅಳುವೂ ಬಂತು, ಕೊನೆಗೆ ಸಿಟ್ಟೇ ಗೆದ್ದಿತು. "ಅಬ್ಬೀ, ಈ ಮಾತನ್ನ ಅವತ್ತ್ ಶೆಡ್ಡಗೆ ಆ ಮನ್ಶನ್ ಮುಂದೆ ಹೇಳಿರೆ ನಂಗ್ ಕೆಲ್ಸ ಸಿಕ್ತಿತ್ತ್. ಎಂತಕೆ ಹೇಳ್ಲಿಲ್ಲೆ?"

ಅಮ್ಮ ಬುಟ್ಟಿ ಎತ್ತಿಕೊಂಡು ಮೆಟ್ಟಿಲ ಬಳಿ ನಿಂತರು.

"ಆವತ್ತ್ ಅವ ಈ ಮನಿ ಅಳಿಯ ಆಪವ ಅಂದೇಳಿ ಸುಮ್ನಿದ್ದೆ" ಎಂದರು.

ಇದಕ್ಕೆ ನಾನು ಏನು ಹೇಳಲಿ. ಅಳಿಯನ ಮರ್ಯಾದೆ ಹೋಗಬಾರದೆಂದು ಮಗಳ ಬದುಕು ಹೋಗಲಿ ಎಂದು ಬಿಟ್ಟರು. ಆಮೇಲೆ ಅದೇ ಮಗಳಿಗಾಗಿ ಅಳಿಯನನ್ನೇ ಬಿಟ್ಟರು. ಅಮ್ಮನನ್ನು ನಾನು ಪ್ರೀತಿಸುತ್ತೇನೆ, ಈಗಲೂ ಅವರ ಕಾಲಿಗೆ ಎಣ್ಣೆ ಹಚ್ಚುವವಳು ನಾನೇ. ಆದರೆ ಹಚ್ಚುವಾಗ ಆ ಮಾತು ನೆನಪಾದರೆ ಕೈ ಸ್ವಲ್ಪ ಬಿರುಸಾಗುತ್ತದೆ, ಅವರೂ ಸುಮ್ಮನೆ ತಡೆದುಕೊಳ್ಳುತ್ತಾರೆ.

ಶಾಲೆ ಎರಡು ಬೇಸಿಗೆ ನಡೆದು ಮುಚ್ಚಿತು. ಬಾವ ಮಸ್ಕತ್ತಿಗೆ ವಾಪಸ್ಸು ಹೋದ, ಅಲ್ಲೇ ಎಲ್ಲೋ ಕಲಿಸುತ್ತಾನಂತೆ. ನಾನು ಸ್ಕೂಟರ್ ಮಾರಿ ಗಾಡಿ ತೆಗೆದುಕೊಂಡೆ.

ಮೇಷ್ಟ್ರಿಗೆ ಇಷ್ಟೆಲ್ಲ ಹೇಳಲಿಲ್ಲ. ಬಂಗುಡೆ ಶುಚಿ ಮಾಡಿ ಕೊಡುವಷ್ಟು ಹೊತ್ತಿನಲ್ಲಿ ಎಷ್ಟು ಹೇಳಲಾಗುತ್ತದೆ? "ನಿಮ್ಮ ಆ್ಯಪಿನಲ್ಲಿ ಕೋಡಿಯ ಅಳಿವೆ ಬರುತ್ತದಾ ನೋಡಿ ಸರ್" ಎಂದೆ ಅಷ್ಟೇ. ಅವರು ಕನ್ನಡಕ ಮೂಗಿನ ತುದಿಗೆ ತಂದು ಮೊಬೈಲ್ ಉಜ್ಜಿದರು.

"ಉಂಟು. ಗಾಳಿಪಟದ ಆಟ. ಎಲ್ಲರಿಗಿಂತ ವೇಗ ಗಣೇಶ ಅಂತ ಒಬ್ಬರು. ಇಷ್ಟು ವರ್ಷದಿಂದ ಯಾರೂ ದಾಟಲಿಲ್ಲವಂತೆ. ನಿಮ್ಮ ಊರಿನವರು, ನಿಮಗೆ ಗೊತ್ತುಂಟಾ?"

"ಗೊತ್ತು ಸರ್. ಆ ದಿನ ಅವನು ಬೈಂದೂರಿನಲ್ಲಿ ಮದುವೆ ಊಟ ಮಾಡುತ್ತಿದ್ದ. ನೀರಿನ ಮೇಲಿದ್ದದ್ದು ನಾನು."

ಮೇಷ್ಟ್ರು ನನ್ನನ್ನು ನೋಡಿದರು. ನಗಲಿಲ್ಲ. ಮಾಡಿ ತೋರಿಸಿ ಎನ್ನಲಿಲ್ಲ. ಮತ್ತೆ ಮೊಬೈಲ್ ನೋಡಿದರು.

"ಹಾಗಾದರೆ ಇಲ್ಲಿ ನಿಮ್ಮ ಹೆಸರು ಯಾಕಿಲ್ಲ?" ಎಂದರು.

"ಅದನ್ನೇ ಸರ್, ನಾನೂ ಕೇಳುತ್ತಿರುವುದು" ಎಂದು ಮೀನಿನ ಪೊಟ್ಟಣವನ್ನೂ ವಾಚನ್ನೂ ಅವರ ಕೈಗೆ ಕೊಟ್ಟೆ.